ಖರಾಬು ಎಂದು ಬರೆದ ಗದ್ದೆಗಳು

ಎಪ್ಪತ್ತರ ದಶಕದ ಕೊನೆಗೆ ನಾನು ಹೊನ್ನಾಳಿಯಲ್ಲಿ ಸರ್ವೇಯರ್ ಆಗಿದ್ದೆ. ಸೂರಗೊಂಡನಕೊಪ್ಪದ ಆಚೆಯ ಗುಡ್ಡಗಳ ನಡುವೆ ಕೆರೆಯೊಂದು ಆಗುವುದಿತ್ತು. ಮುಳುಗುವ ಜಾಗ ಅಳೆಯಲು ಹೋದೆ.

ದಾಖಲೆಯಲ್ಲಿ ಅದು ಖರಾಬು, ಅಂದರೆ ಸಾಗುವಳಿಗೆ ಬಾರದ ಕಲ್ಲುನೆಲ. ಕಣ್ಣೆದುರು ಇದ್ದದ್ದು ತೆನೆ ಬಾಗಿದ ಭತ್ತ. ಇಳಿಜಾರಿನಲ್ಲಿ ಒಂದರ ಮೇಲೊಂದು ಹದಿನಾರು ಮಡಿ, ಪ್ರತಿ ಮಡಿಗೂ ಕಲ್ಲಿನ ಕಟ್ಟೆ.

ಲಂಬಾಣಿ ತಾಂಡಾದ ಅಜ್ಜಿಯೊಬ್ಬಳು ನನ್ನನ್ನು ಮೇಲಿನ ಮಡಿಯವರೆಗೂ ಹತ್ತಿಸಿದಳು. ಗಂಡ ತೀರಿಹೋಗಿದ್ದ.

"ಇದು ನನ್ನ ಮದುವಿ ಆದ ವರ್ಷ ಕಟ್ಟಿದ್ದು ಸಾಹೇಬ್ರೆ. ಆತ ಹಾರೆಯಿಂದ ಕಲ್ಲು ಎಬ್ಬಿಸ್ತಿದ್ದ, ನಾನು ಹೊರ್ತಿದ್ದೆ. ಮಣ್ಣೆಲ್ಲ ಕೆಳಗಿಂದ ಬುಟ್ಟ್ಯಾಗೆ ತಂದಿದ್ದು."

ನಾನು ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಗದ್ದೆ ಎಂದು ಬರೆದರೆ ಪ್ರತ್ಯೇಕ ವರದಿ ಕೊಡಬೇಕು, ಇನ್ನೂ ನಾಲ್ಕು ದಿನ ಗುಡ್ಡ ಹತ್ತಬೇಕು. ನನಗೆ ಚನ್ನಗಿರಿಗೆ ವರ್ಗವಾಗಿತ್ತು, ಮನೆ ಸಾಮಾನು ಕಟ್ಟಿಟ್ಟಾಗಿತ್ತು. ಹಳೆಯ ದಾಖಲೆಯಲ್ಲಿದ್ದುದನ್ನೇ ಬರೆದೆ.

"ಏನ್ ಬರ್ಕಂಡ್ರಿ?" ಅಂದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಗದ್ದೆ ಅಂತ ಬರ್ದೀನಮ್ಮ," ಅಂದೆ.

ಅವಳ ಮುಖ ಅರಳಿತು. ಗುಡಿಸಲಿಗೆ ಕರೆದೊಯ್ದು ಹೊಸಕ್ಕಿಯ ಅನ್ನಕ್ಕೆ ಹಾಲು ಹಾಕಿ ಕೊಟ್ಟಳು. ಉಂಡೆ.

ಕೆರೆಯಾಯಿತು. ಖರಾಬು ನೆಲಕ್ಕೆ ಬದಲಿ ಜಮೀನು ಸಿಗಲಿಲ್ಲ.

ಐದಾರು ವರ್ಷದ ಮೇಲೆ ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಸಾಲಿನಿಂದ ಯಾರೋ ಕೂಗಿದರು. ಅವಳೇ. ಬೆರಳುಗಳೆಲ್ಲ ಅಡಿಕೆಯ ಕಪ್ಪು. ಮಗ ಸೊಸೆ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದರಂತೆ.

"ನೀವೇನೋ ಗದ್ದೆ ಅಂತಾನೆ ಬರ್ದಿದ್ರಿ. ಮ್ಯಾಲಿನೋರು ಯಾರೋ ತಿದ್ದ್ಯಾರೆ. ನಿಮ್ಮನ್ನ ಯಾಕ್ ಬೈಯ್ಯಾಕೆ ಹೋಗ್ಲಿ?"

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪಕ್ಕದ ಹೆಂಗಸರ ಕಡೆ ತಿರುಗಿದಳು.

"ನೋಡ್ರೇ, ನನ್ ಗದ್ದೆ ಕಂಡ ಸಾಹೇಬ್ರು ಇವ್ರೇಯ. ಗುಡ್ಡದಾಗೆ ಭತ್ತ ಬೆಳಿತಿದ್ದೆ ಅಂದ್ರೆ ನಗ್ತಾರೆ ಈ ಹೆಂಗಸ್ರು. ನೀವೇ ಹೇಳ್ರಿ ಸಾಹೇಬ್ರೆ, ಹದಿನಾರು ಮಡಿ ಇದ್ವೋ ಇಲ್ಲೋ?"

ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದರು.

"ಇದ್ವು," ಅಂದೆ.