ಕುಂಕುಮ ಇಟ್ಟ ಕಾಲುಹಲಗೆ

ಸುಂಟಿಕೊಪ್ಪ ಪೇಟೆ ದಾಟಿದ ಮೇಲೆ ರಸ್ತೆ ಬದಿಯಲ್ಲೇ ನಮ್ಮ ಮರಗೆಲಸದ ಶೆಡ್ಡು ಇತ್ತು, ಅದರ ಬೆನ್ನಿಗೆ ಮನೆ. ಕೊಡಗು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಕರೆಂಟು ಬಂತು, ಅದರ ಹಿಂದೆ ಮೋಟರು ಬಂತು, ಮೋಟರಿನ ಹಿಂದೆ ನನಗೆ ಭಯ ಬಂತು.

ಅದಕ್ಕೆ ಮುಂಚೆ ಎಲ್ಲ ಕೈಗರಗಸ. ನಮ್ಮ ಮನೆಯವರು ಕಿತ್ತಳೆ ತುಂಬುವ ಪೆಟ್ಟಿಗೆ ಮಾಡುತ್ತಿದ್ದರು. ಅದಕ್ಕೆ ಸಿಲ್ವರ್ ಓಕ್ ಮರದ ತೆಳು ಪಟ್ಟಿ ಸೀಳಬೇಕು. ಮೋಟರು ಬಂದ ಮೇಲೆ ಮೇಜಿನ ನಡುವೆ ಗರಗಸದ ಚಕ್ರ ಎದ್ದು ನಿಂತಿತು. ಅವರು ಈಚೆಯಿಂದ ಹಲಗೆ ತಳ್ಳುತ್ತಿದ್ದರು, ನಾನು ಆಚೆ ನಿಂತು ಸೀಳಿದ ಪಟ್ಟಿ ಎಳೆದುಕೊಳ್ಳುತ್ತಿದ್ದೆ. ಪಟ್ಟಿ ತೆಳ್ಳಗಾದಷ್ಟೂ ಅವರ ಬೆರಳು ಚಕ್ರಕ್ಕೆ ಹತ್ತಿರ. ಸ್ವಿಚ್ಚು ಇದ್ದದ್ದು ಹಿಂದಿನ ಗೋಡೆಯಲ್ಲಿ. ಏನಾದರೂ ಆದರೆ ಏಳು ಹೆಜ್ಜೆ ಓಡಬೇಕು. ನಾನು ಎಣಿಸಿದ್ದೆ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವರ ಅಣ್ಣ, ನಮ್ಮ ಭಾವ, ಕುಶಾಲನಗರದ ಕಡೆ ಒಂದು ಮಿಲ್ಲಿನಲ್ಲಿ ಬಲಗೈಯ ಮೂರು ಬೆರಳು ಕಳಕೊಂಡಿದ್ದರು. ಒಂದು ದಿನ ನಮ್ಮಲ್ಲಿಗೆ ಊಟಕ್ಕೆ ಬಂದರು. ಉಳಿದ ಹೆಬ್ಬೆರಳು ಕಿರುಬೆರಳಲ್ಲೇ ಅನ್ನ ಕಲಸಿದರು. ಸಾರು ಮೊಣಕೈವರೆಗೆ ಇಳಿಯಿತು. ಬಡಿಸುತ್ತಿದ್ದವಳು ನಾನು. ಆವತ್ತಿನಿಂದ ಚಕ್ರ ತಿರುಗಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಆ ಕೈ.

ಹತ್ತಿರದ ಎಸ್ಟೇಟಿನಲ್ಲಿ ಒಬ್ಬ ಮಲಯಾಳಿ ಫಿಟ್ಟರ್ ಇದ್ದ. ಪೆಟ್ಟಿಗೆ ಬೇಕೆಂದು ಹೇಳಲು ಬಂದಾಗ ಅವನಿಗೆ ನನ್ನ ಹೆದರಿಕೆ ಹೇಳಿದೆ. ಒಂದು ವಾರದಲ್ಲಿ ಅವನು ಒಂದು ಹಲಗೆ ತಂದ. ಅಡಿಯಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ಕೆಳಗೆ ಸ್ವಿಚ್ಚು. ಚಕ್ರದ ಮುಂದೆ ನೆಲಕ್ಕೆ ಕೂರಿಸಿ, ಗೋಡೆಯ ಸ್ವಿಚ್ಚು ಕಿತ್ತು ಅದರ ವೈರನ್ನು ಇದಕ್ಕೆ ಕೊಟ್ಟ. ನನ್ನನ್ನು ಅವನು ಅವರ ಭಾಷೆಯಲ್ಲಿ ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದ.

"ಕಾಲಿಟ್ರೆ ಓಡ್ತದೆ ಚೇಚಿ, ತೆಗೆದ್ರೆ ನಿಲ್ತದೆ. ಕೈಗೆ ತಾಗಿದವ ಅಲ್ಲೇ ನಿಂತಿರ್ತಾನಾ? ಹಿಂದೆ ಹಾರ್ತಾನೆ. ಹಾರಿದ್ರೆ ಮೆಷಿನು ಆಫ್."

ನನಗೆ ಎದೆಯ ಭಾರ ಇಳಿದಂತಾಯಿತು. ತಪ್ಪು ಮಾಡಿದ್ದು ಆಗಲೇ. ಶೆಡ್ಡಿಗೆ ಹೊಸ ಉಳಿ ಬಂದರೂ ಅರಿಶಿನ ಕುಂಕುಮ ಇಟ್ಟು ಹೂ ಇಡುವುದು ನಮ್ಮ ರೂಢಿ. ಈ ಹಲಗೆಗೂ ಇಟ್ಟೆ. ಊದುಬತ್ತಿಯನ್ನೂ ಹಚ್ಚಿದೆ. ಕೈ ಉಳಿಸುವ ಹಲಗೆ ಅಲ್ಲವೇ, ಕುಂಕುಮವನ್ನು ಒಂದು ಚಿಟಿಕೆ ಜಾಸ್ತಿಯೇ ಇಟ್ಟೆ.

ನಮ್ಮ ಮನೆಯವರು ಬಂದು ನೋಡಿದರು. ಶೆಡ್ಡಿಗೆ ಚಪ್ಪಲಿ ಹಾಕಿ ಕಾಲಿಡದವರು, ಸುತ್ತಿಗೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು.

"ಪೂಜೆ ಮಾಡಿದೋಳು ನೀನು. ಈಗ ಅದರ ಮೇಲೆ ಕಾಲಿಡು ಅಂತೀಯಾ?"

"ಕಾಲಿಡಕ್ಕೇ ಮಾಡಿರದು ಅದು."

"ಹಂಗಾರೆ ಕುಂಕುಮ ಯಾಕೆ ಇಟ್ಟೆ? ನಾಳೆ ದೇವರ ಪಟನೂ ತಂದು ನೆಲಕ್ಕೆ ಹಾಸು, ತುಳೀತೀನಿ."

ಅವರು ಅಡುಗೆಮನೆಗೆ ಹೋಗಿ ಖಾರ ಅರೆಯುವ ಗುಂಡುಕಲ್ಲು ಎತ್ತಿಕೊಂಡು ಬಂದರು. ಹಲಗೆಯ ಮೇಲಿಟ್ಟರು. ಮೋಟರು ಓಡಿತು. ಕಲ್ಲು ಇಳಿಸುವವರೆಗೂ ಓಡಿತು.

ಒಂದು ವಾರ ಬಿಟ್ಟು ಫಿಟ್ಟರ್ ಬಂದವನು ಕಲ್ಲು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತ. "ಇದೆಂದಾ ಚೇಚಿ, ನಾನು ಸ್ವಿಚ್ಚು ಮಾಡಿಕೊಟ್ಟೆ. ನೀವು ಇದ್ರಲ್ಲಿ ಮೆಣಸು ಅರೀತೀರಾ?"

ನಗು ಬರಲಿಲ್ಲ ನನಗೆ. ಗೋಡೆಯ ಸ್ವಿಚ್ಚು ಇದ್ದಾಗ ಓಡಿ ಬೆರಳಲ್ಲಿ ಒತ್ತಿದರೆ ಸಾಕಿತ್ತು. ಈಗ ಬಗ್ಗಬೇಕು, ಎರಡು ಕೈಯಲ್ಲಿ ಕಲ್ಲು ಎತ್ತಬೇಕು. ಅವರಿಗೂ ಅದು ಬೇಸರದ ಕೆಲಸವೇ. ಹಾಗಾಗಿ ಬೆಳಿಗ್ಗೆ ಇಟ್ಟ ಕಲ್ಲನ್ನು ಊಟದ ಹೊತ್ತಿಗೇ ಇಳಿಸುತ್ತಿದ್ದರು. ನಡುವೆ ಚಕ್ರ ತಿರುಗಿಸುವ ಬೆಲ್ಟಿನ ಬಳಿ ಮರದ ಹೊಟ್ಟು ಕಟ್ಟಿಕೊಂಡರೆ ಚಕ್ರ ತಿರುಗುತ್ತಿರುವಾಗಲೇ ಮೇಜಿನ ಕೆಳಗೆ ಕೈ ಹಾಕಿ ಕೆದಕುತ್ತಿದ್ದರು. ನಾನು ಬೇಡ ಅನ್ನುತ್ತಿದ್ದೆ. ಆ ಸದ್ದಿನಲ್ಲಿ ಯಾರು ಕೇಳುತ್ತಾರೆ.

ಮಳೆ ಹಿಡಿದಿತ್ತು. ಹೊಟ್ಟು ಹಸಿ, ಹಿಟ್ಟಿನ ಹಾಗೆ ಅಂಟುತ್ತಿತ್ತು. ಚಳಿಗೆ ಅವರು ದಪ್ಪ ಖಾಕಿ ಅಂಗಿ ಹಾಕಿದ್ದರು. ಕೆಳಗೆ ಕೈ ಹಾಕಿದರು. ಒಮ್ಮೆಲೇ ಮೋಟರಿನ ದನಿ ಬದಲಾಯಿತು, ಹೊಟ್ಟೆನೋವಿನ ದನದ ಹಾಗೆ ನರಳಿತು. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತ್ತು. ಅವರ ಬಲಗೈ ಒಳಕ್ಕೆ ಹೋಗುತ್ತಿತ್ತು, ಮೈ ಬಗ್ಗುತ್ತಿತ್ತು, ಎಡಗೈಯನ್ನು ಮೇಜಿಗೆ ಊರಿ ತಡೆಯುತ್ತಿದ್ದರು. ಆ ಎಡಗೈಗೂ ಚಕ್ರಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಮುಖ ಅದರ ಪಕ್ಕದಲ್ಲೇ. ಅವರು ಕೂಗಲಿಲ್ಲ. ನನ್ನನ್ನು ನೋಡಿದರು ಅಷ್ಟೆ. ಅವರು ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೇಜು ಸುತ್ತಿ ಬಂದೆ. ಬಗ್ಗಿ ಎತ್ತುವಷ್ಟು ಹೊತ್ತು ಇಲ್ಲ ಅಂತ ಕಾಲಿಗೇ ಗೊತ್ತಾಯಿತೋ ಏನೋ, ಕಲ್ಲಿಗೆ ಒದ್ದೆ. ಅಲುಗಲಿಲ್ಲ. ಇನ್ನೊಂದು ಸಲ ಒದ್ದೆ. ಕಲ್ಲು ಉರುಳಿತು, ಹಲಗೆ ಮೇಲೆದ್ದಿತು. ಮೋಟರು ನಿಂತಿತು.

ಕತ್ತರಿ ತಂದು ತೋಳು ಕತ್ತರಿಸಿದೆ. ಕೈ ಈಚೆಗೆ ಬಂತು. ಮುಂಗೈ ಚರ್ಮ ಸುಲಿದಿತ್ತು. ಬೆರಳು ಮಡಿಸಿ ಅಂದೆ, ಮಡಿಸಿದರು. ಬಿಡಿಸಿ ಅಂದೆ, ಬಿಡಿಸಿದರು. ಆಮೇಲೆ ಇಬ್ಬರೂ ಹೊಟ್ಟಿನ ಮೇಲೆ ಕೂತೆವು. ನನ್ನ ಕಾಲಿನ ಹೆಬ್ಬೆರಳ ಉಗುರು ಕಿತ್ತು ನೆಲವೆಲ್ಲ ರಕ್ತ ಆಗಿದ್ದು ಆಗಲೇ ಕಂಡದ್ದು.

"ಒದ್ದೆಯಲ್ಲೇ ಅದಕ್ಕೆ," ಅಂದರು.

"ಒದ್ದೆ. ಇನ್ನೂ ಒದೀತೀನಿ. ಪಾಪ ಬಂದ್ರೆ ನನ್ನ ಕಾಲಿಗೆ ಬರಲಿ, ನಿಮ್ಮ ಕೈಗೆ ಬ್ಯಾಡ."

ಒದ್ದೆ ಬಟ್ಟೆ ತಂದು ಹಲಗೆಯ ಕುಂಕುಮವನ್ನು ಅವರ ಎದುರೇ ಒರೆಸಿದೆ. ಹಳೆ ಗೋಣಿ ತುಂಡನ್ನು ಅದರ ಮೇಲೆ ಹಾಕಿ ಮೊಳೆ ಹೊಡೆದೆ. ಬಚ್ಚಲ ಬಾಗಿಲಲ್ಲಿ ಕಾಲೊರೆಸುವ ಗೋಣಿ ಅದು. "ಈಗ ಇದು ಕಾಲೊರೆಸೋದು. ತುಳೀರಿ," ಅಂದೆ.

ಮೂರು ದಿನ ಚಕ್ರದ ಹತ್ತಿರ ಹೋಗಲಿಲ್ಲ ಅವರು. ನಾಲ್ಕನೆಯ ದಿನ ಬಂದು ಗೋಣಿಯ ಮೇಲೆ ಕಾಲಿಟ್ಟರು, ಕಾದ ಕಾವಲಿಯ ಮೇಲೆ ಇಟ್ಟ ಹಾಗೆ. ಓಡಿತು. ತೆಗೆದರು, ನಿಂತಿತು. ಆಮೇಲೆ ಕಾಲಲ್ಲೇ ಕೆಲಸ. ಹೊಟ್ಟು ತೆಗೆಯಬೇಕಾದರೆ ಕಾಲು ಈಚೆಗೆ.

ನನ್ನ ಹೆದರಿಕೆ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಮೋಟರು ಬೆಳಗಿನಿಂದ ಊಟದವರೆಗೆ ಒಂದೇ ಸಮ ಓಡುತ್ತಿತ್ತು, ಓಡುವಾಗ ಹೆದರಿಕೆ. ಈಗ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ, ಬೇಕೆಂದೇ ಕಾಲು ತೆಗೆದರೋ ಹಿಂದಕ್ಕೆ ಹಾರಿಬಿದ್ದರೋ ಅಡುಗೆ ಹೊತ್ತಿಗೆ ಒಲೆಯ ಮುಂದೆ ಕೂತವಳಿಗೆ ಗೊತ್ತಾಗುವುದು ಹೇಗೆ? ಸೌಟು ಹಿಡಿದುಕೊಂಡೇ ಶೆಡ್ಡಿನ ಬಾಗಿಲಿಗೆ ಹೋಗುತ್ತಿದ್ದೆ. ಅವರು ತಲೆ ಎತ್ತದೆ ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದರು.

"ಹತ್ತೂ ಅವೆ. ಹೋಗು, ಸಾರು ಸೀದೀತು."

ಎಣಿಸಿಕೊಂಡೇ ಹೋಗುತ್ತಿದ್ದೆ.