ಅಪ್ಪನ ಜೀಪಿನ ಕ್ಲಚ್ಚು

ಟೈಲರಮ್ಮನಿಗೆ ತವರಿನಿಂದ ಬಂದ ಆಸ್ತಿ ಎಂದರೆ ಅಪ್ಪನ ಹಳೇ ಜೀಪು. ಅಣ್ಣಂದಿರು ಮನೆಯನ್ನು ಹಂಚಿಕೊಂಡು, "ಈ ಗುಜರಿ ನಿನಗಿರಲಿ ತಗೋ" ಎಂದು ಲಾರಿಗೆ ಕಟ್ಟಿ ಎಳೆಸಿ ಕಳಿಸಿದ್ದರು. ಅವಳಿಗದು ಗುಜರಿಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು, ಅವನು ಕ್ಲಚ್ ಒತ್ತಿದಾಗಲೆಲ್ಲ ತಾನೂ ಬರೀ ತಗಡಿನ ಮೇಲೆ ಎಡಗಾಲು ಒತ್ತುತ್ತಿದ್ದಳು. "ಕಾಲು ಎಟುಕಲಿ ಮಗಳೇ, ನಿಂಗೇ ಕೊಡ್ತೀನಿ" ಅನ್ನುತ್ತಿದ್ದ ಅಪ್ಪ. ಕಾಲು ಎಟುಕುವ ಹೊತ್ತಿಗೆ ಅವಳ ಮದುವೆಯಾಯಿತು.

ಗಂಡ ಮಿಲ್ಲಿನಲ್ಲಿ ಫಿಟ್ಟರ್. "ಎಂಜಿನ್ ನಾನೇ ಬಿಚ್ಚಿ ಕಟ್ತೀನಿ. ಮೊದಲು ಓಡಿಸೋಳು ನೀನೇ" ಎಂದು ಮಾತು ಕೊಟ್ಟ. ಆ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಬಿಚ್ಚುವುದು, ಕಟ್ಟುವುದು ಅವನ ಕೆಲಸ, ತೊಳೆಯುವುದು ಅವಳದು. ರಜೆಯ ದಿನ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಮುಗಿಸಿ, ಹಿತ್ತಲ ಸಿಮೆಂಟು ನೆಲದ ಮೇಲೆ ಎಡಗಾಲು ಮಡಿಸಿ ಕೂತಳೆಂದರೆ, ಬೇಸಿನ್ನಿನ ಸೀಮೆಎಣ್ಣೆಯಲ್ಲಿ ಪಿಸ್ಟನ್ನು, ವಾಲ್ವು, ಬೋಲ್ಟುಗಳನ್ನು ಉಜ್ಜಿ ಉಜ್ಜಿ ಹೊತ್ತು ಇಳಿಯುತ್ತಿತ್ತು. ಗಂಡ ಒಂದೊಂದನ್ನೂ ಬೆಳಕಿಗೆ ಹಿಡಿದು, "ಇಲ್ಲೊಂಚೂರು ಕರಿ ಇದೆ ನೋಡೇ" ಎಂದು ಮತ್ತೆ ಬೇಸಿನ್ನಿಗೆ ಹಾಕುವನು. ಎಷ್ಟು ಸೋಪು ಹಚ್ಚಿದರೂ ಬೆರಳಿನ ವಾಸನೆ ಹೋಗದು. "ಅಂಗಿ ಹೊಲಿದ್ರೋ, ಲಾಟೀನಿನ ಬತ್ತಿ ಹೊಲಿದ್ರೋ?" ಎಂದು ಗಿರಾಕಿಗಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಕಟ್ಟಿದ ಮೇಲಾದರೂ ಮುಗಿಯಬೇಕಲ್ಲ? ಒಮ್ಮೆ ಹೊಗೆ ಜಾಸ್ತಿ, ಒಮ್ಮೆ ಏನೋ ಸದ್ದು. ತಾನು ಕೈಹಾಕಿದ್ದರಲ್ಲಿ ಕುಂದು ಇರಬಾರದು ಅವನಿಗೆ. ಓಡುವ ಎಂಜಿನ್ನನ್ನೂ ಮತ್ತೆ ಬಿಚ್ಚಿ ಹರಡುವನು. ವರ್ಷಗಳು ಹಾಗೇ ಸವೆದವು.

ಮಗಳು ಬೆಳೆದು ಡ್ರೈವಿಂಗ್ ಕಲಿತಳು. "ನೀನೂ ಬಾಮ್ಮಾ. ಅಪ್ಪನ್ನ ಕಾಯ್ತಾ ಕೂತ್ರೆ ಆಯ್ತು ಕಥೆ."

"ಕಲಿತರೆ ನಮ್ಮಪ್ಪನ ಗಾಡೀಲೇ ಕಣೇ."

ಎಂಥ ಹಟ! ಅದಕ್ಕೆ ನಿಷ್ಠೆಯೆಂದು ಹೆಸರಿಟ್ಟು, ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ಕೊನೆಗೂ ಒಂದು ಬೆಳಿಗ್ಗೆ ಎಂಜಿನ್ ಹೊಗೆಯಿಲ್ಲದೆ, ಕೆಮ್ಮಿಲ್ಲದೆ ಹದವಾಗಿ ಗುರುಗುಟ್ಟಿತು. "ಬಾರೇ, ಹತ್ತು!" ಗಂಡನ ಮುಖ ಊರಗಲ. ಟೈಲರಮ್ಮ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಎಡಗಾಲು ಒತ್ತಿದಳು. ಮಂಡಿಯಿಂದ ಸೊಂಟದವರೆಗೆ ನೋವು ಚಳಕ್ಕೆಂದಿತು. ಪೆಡಲು ಅರ್ಧ ಹೋಗಿ ವಾಪಸು ಬಂತು. ಇನ್ನೊಮ್ಮೆ ಒತ್ತಿದಳು. ಹಾಗೇ ಬಂತು.

ಗಂಡ ಬಗ್ಗಿ ನೋಡಿದ. "ಕ್ಲಚ್ ಬಿಗಿ ಇದೆ. ಬಿಚ್ಚಿದ್ರೆ ಸರಿಹೋಗತ್ತೆ. ಬೇಸಿನ್ ತಗೊಂಡ್ಬಾ."

"ಕ್ಲಚ್ ಸರಿಯಾಗೇ ಇದೆ ರೀ. ಬಿಗಿದಿರೋದು ನನ್ ಮಂಡಿ. ಅದನ್ನ ಯಾವ ಬೇಸಿನ್ನಲ್ಲಿ ತೊಳೀತೀರಾ?"

ಅವನು ಪೆಡಲನ್ನು ನೋಡಿದ. ಸೀಮೆಎಣ್ಣೆ ಕುಡಿದು ಕಪ್ಪಾಗಿದ್ದ, ಅವಳು ಕೂರುತ್ತಿದ್ದ ಜಾಗವನ್ನು ನೋಡಿದ. ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿಡಬೇಕೆಂದೇ ತೋಚದೆ ನಿಂತ.

ಟೈಲರಮ್ಮ ಇಳಿದು, ಬಾನೆಟ್ಟು ಹಿಡಿದುಕೊಂಡು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಮಗಳನ್ನು ಕರೆದಳು.

"ಬೇಡಮ್ಮಾ, ಡಾಕ್ಟ್ರಿಗೆ ತೋರಿಸಿ ಆಮೇಲೆ ನೀನೇ..."

"ಆಮೇಲೆ ಅನ್ನೋದನ್ನ ಕೇಳಿ ಕೇಳಿ ಸಾಕಾಗಿದೆ. ನಡಿ."

ಬೀದಿಯ ತಿರುವಿನಲ್ಲಿ ಮಗಳು ಗೇರು ಬದಲಿಸಿದಳು. ಟೈಲರಮ್ಮನ ಎಡಗಾಲು ತಾನಾಗಿ ತಗಡನ್ನು ಒತ್ತಿತು. ಅಷ್ಟು ಒತ್ತುವುದಕ್ಕೆ ನೋವೇನೂ ಇರಲಿಲ್ಲ.