ಚಿರೋಟಿ ರವೆ ಮತ್ತು ಹಿಮದ ಬ್ಲೇಡು

ಇವತ್ತು ಬೆಳಿಗ್ಗೆ ನಮ್ಮ ಗೇಟಿನ ಚಿಲಕ ಮುರಿಯಿತು. ಮುರಿಯಿತು ಅನ್ನುವುದಕ್ಕಿಂತ, ವರ್ಷಗಟ್ಟಲೆ ಒಂದು ಹನಿ ಎಣ್ಣೆ ಬಿಡದೆ ನಾನೇ ಅದನ್ನು ಕೊಂದೆ ಅನ್ನುವುದು ಸರಿ. ಗವಿಪುರದ ನಮ್ಮ ರಸ್ತೆಯ ತಿರುವಿನಲ್ಲಿರುವ ವೆಲ್ಡರ್‌ನನ್ನು ಕರೆಸಿದೆ. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಮುರಿದ ತುಂಡನ್ನು ಸುಟ್ಟು ಬಿಡಿಸಿ, ಕನ್ನಡಕ ಹಣೆಗೇರಿಸಿಕೊಂಡು, "ಸಾರ್, ಹೊಸಾದು ಮೇಲ್ಗಡೆ ಕೂರಿಸ್ಲಾ, ಕೆಳಗಡೆನಾ?" ಎಂದು ಕೇಳಿದ. ಸುಟ್ಟ ಕಬ್ಬಿಣದ ವಾಸನೆ ಬಾಗಿಲವರೆಗೂ ಬಂದಿತ್ತು. "ಒಂದ್ನಿಮಿಷ ಇರಪ್ಪಾ" ಎಂದು ಒಳಗೆ ಬಂದು ಕೂತುಬಿಟ್ಟೆ. ಒಂದು ಚಿಲಕಕ್ಕೆ ಇಷ್ಟು ಯೋಚನೆಯೇ ಎಂದು ನೀವು ನಗಬಹುದು, ನಗಿ. ಒಬ್ಬ ವೆಲ್ಡರ್‌ಗೆ ನಾನು ಹಿಂದೊಮ್ಮೆ ಬುದ್ಧಿ ಹೇಳಿದ್ದೆ. ಅದನ್ನು ಕೇಳಿದ ಮೇಲೂ ನಗು ಬಂದರೆ ನಿಮ್ಮಿಷ್ಟ.

ಆ ವೆಲ್ಡರ್ ಚಿಕ್ಕಣ್ಣ. ಚಾಮರಾಜಪೇಟೆಯ ಸರ್ಕಾರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಅಪ್ಪನ ಹಾಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿಯಲ್ಲಿ ಕೂತೆ, ಅವನು ಅದೇ ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ವರ್ಕ್‌ಶಾಪ್ ಇಟ್ಟ. ಒಳಗೋಡೆಯಲ್ಲಿ ಬುದ್ಧನ ಒಂದು ಪಟ, ಅದರ ಕೆಳಗೆ ಮಗಳು ಸುಜಾತಾ ನರ್ಸಿಂಗ್ ಮುಗಿಸಿದಾಗ ತೆಗೆಸಿದ ಫೋಟೋ. ಗ್ರಾಹಕರು ಬಂದರೆ ಬುದ್ಧನಿಗಿಂತ ಮೊದಲು ಮಗಳನ್ನೇ ತೋರಿಸುತ್ತಿದ್ದ.

ಸುಜಾತಾ ಉತ್ತರದ ಬೆಟ್ಟಗಳ ನಡುವಿನ ಒಂದು ಪುಟ್ಟ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಬೆಂಗಳೂರಿನ ಜನವರಿಗೇ ಮಫ್ಲರ್ ಸುತ್ತಿಕೊಳ್ಳುವ ನಮಗೆ ಅದೆಂಥ ಚಳಿ ಎಂದು ಊಹಿಸಲೂ ಆಗುತ್ತಿರಲಿಲ್ಲ. ಆಸ್ಪತ್ರೆಯಿಂದ ದೊಡ್ಡ ರಸ್ತೆಗೆ ಒಂದು ಮೈಲಿ ಕಾಲುದಾರಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಒಂದು ಎಟಿವಿ ಕೊಟ್ಟರು. ನಂದಿಬೆಟ್ಟದ ಕಡೆಯ ರೆಸಾರ್ಟುಗಳಲ್ಲಿ ಕೆಸರಿನಲ್ಲಿ ಓಡಿಸುತ್ತಾರಲ್ಲ, ದಪ್ಪ ದಪ್ಪ ನಾಲ್ಕು ಚಕ್ರದ ಬೈಕು, ಅದೇ. ಅದಕ್ಕೆ ಹಿಮ ತಳ್ಳುವ ಬ್ಲೇಡು ಕಟ್ಟಿದರೆ ದಾರಿ ತೆರೆದಿಡಬಹುದು. ಸುಜಾತಾ ಬೇರೆ ಯಾರನ್ನೂ ಕೇಳಲಿಲ್ಲ. "ಅಪ್ಪಾ, ನೀನೇ ಮಾಡ್ಕೊಡು. ನೀನು ಮಾಡಿದ್ದು ಯಾವ್ದೂ ಕೈಕೊಡಲ್ಲ ಅಂತ ಇಲ್ಲಿ ಎಲ್ಲರ ಹತ್ರ ಹೇಳ್ಬಿಟ್ಟಿದೀನಿ" ಎಂದಳು.

ಚಿಕ್ಕಣ್ಣನಿಗೆ ಆಕಾಶ ಮೂರೇ ಗೇಣು. ಅವನು ಹಿಮವನ್ನು ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಅಳತೆ ತರಿಸಿಕೊಂಡ. ತಾನು ರಿಪೇರಿ ಮಾಡಿಕೊಡುತ್ತಿದ್ದ ರೆಸಾರ್ಟೊಂದರಿಂದ ಅಂಥದೇ ಹಳೇ ಎಟಿವಿ ಕಡ ತಂದ. ದಿನಾ ಸಂಜೆ ನಾನೂ ಅಲ್ಲಿಗೆ ಹಾಜರು. ನನಗೆ ಇಂಗ್ಲಿಷ್ ಬರುತ್ತದೆ ಎಂಬ ಜಂಬ ನೋಡಿ, ಮೊಬೈಲಿನಲ್ಲಿ ಹತ್ತಾರು ಪುಟ ಓದಿ ದೊಡ್ಡ ಇಂಜಿನಿಯರನಂತೆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಾನು ಓದಿ ತಿಳಿದದ್ದು ಇಷ್ಟು: ಬ್ಲೇಡನ್ನು ಗಾಡಿಗೆ ಎರಡು ರೀತಿ ಕಟ್ಟಬಹುದು. ಮುಂದುಗಡೆ ಮೂತಿಗೇ ಬ್ರಾಕೆಟ್ ಹಾಕುವುದು ಒಂದು. ಗಾಡಿಯ ಹೊಟ್ಟೆಯಡಿ ಪ್ಲೇಟು ಕೂರಿಸಿ, ಅಲ್ಲಿಂದ ಎರಡು ಉದ್ದ ತೋಳು ಮುಂದಕ್ಕೆ ತರುವುದು ಇನ್ನೊಂದು. ಹೊಟ್ಟೆಯಡಿ ಕಟ್ಟಿದರೆ ತಳ್ಳುವ ಬಲ ಜಾಸ್ತಿ. ಮುಂದೆ ಕಟ್ಟಿದರೆ ಗಾಡಿಯ ಅಡಿ ಖಾಲಿ ಇರುತ್ತದೆ.

"ಮುಂದೇನೇ ಕಟ್ಟೋಣ ಗುರು" ಎಂದ ಚಿಕ್ಕಣ್ಣ. "ಹೊಟ್ಟೆ ಕೆಳಗೆ ಏನಾದ್ರೂ ಜೋತಾಡ್ತಿದ್ರೆ ನಂಗ್ಯಾಕೋ ಸರಿಬರಲ್ಲ."

"ಸರಿಬರಲ್ಲ ಅಂದ್ರೆ ಏನೋ? ಕಾರಣ ಹೇಳು."

"ಕಾರಣ ಗೊತ್ತಿಲ್ಲ. ಕೈಗೆ ಸರಿ ಅನ್ನಿಸ್ತಿಲ್ಲ, ಅಷ್ಟೆ."

ಕೈಗೆ ಸರಿ ಅನ್ನಿಸುವುದಿಲ್ಲವಂತೆ! ನನಗೆ ನಗು ಬಂತು. ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಹಿಮ ಹೇಗಿರುತ್ತದೆ ಎಂದು ಸುಜಾತಾಳನ್ನು ಕೇಳಿದ್ದಕ್ಕೆ, "ಆಗ ತಾನೇ ಬಿದ್ದಾಗ ಚಿರೋಟಿ ರವೆ ಥರ ಇರತ್ತೆ ಅಂಕಲ್" ಎಂದಿದ್ದಳು. ಅಷ್ಟೇ ಸಾಕಾಯಿತು ನನಗೆ. ಹುಟ್ಟಿದಾಗಿನಿಂದ ಮೂಟೆಗಳ ಮಧ್ಯೆ ಬೆಳೆದವನು. ಪ್ರಪಂಚದಲ್ಲಿರುವುದೆಲ್ಲ ಒಂದೋ ಕಾಳು, ಇಲ್ಲವೇ ಹಿಟ್ಟು. ಗೋದಾಮಿನಲ್ಲಿ ಹುಳ ಹಿಡಿದ ರವೆ ಇತ್ತು, ಬೂಸಾ ಇತ್ತು. ಒಂದು ಭಾನುವಾರ ಎಲ್ಲವನ್ನೂ ಗೋದಾಮಿನ ಅಂಗಳದಲ್ಲಿ ಮೊಣಕಾಲೆತ್ತರ ಸುರಿಸಿದೆ. ಮುಂದೆ ಕಟ್ಟಿದಾಗ ಬ್ಲೇಡು ರಾಶಿಯ ಮೇಲೆ ಹತ್ತಿ ಹತ್ತಿ ಜಾರಿತು. ಹೊಟ್ಟೆಯಡಿ ಕಟ್ಟಿದಾಗ ಇಡೀ ರಾಶಿ ಎದುರಿನ ಗೋಡೆಯವರೆಗೆ ಸರಾಗವಾಗಿ ಹೋಯಿತು. ಹಮಾಲರು ಚಪ್ಪಾಳೆ ತಟ್ಟಿದರು. ಮೈಯೆಲ್ಲ ರವೆಯಾಗಿ ನಿಂತ ನನ್ನನ್ನು ನೀವು ಆಗ ನೋಡಬೇಕಿತ್ತು.

ಚಿಕ್ಕಣ್ಣ ನೆಲಕ್ಕೆ ಕೂತು ಗಾಡಿಯ ಅಡಿ ಕೈ ಹಾಕಿ, ತೋಳುಗಳಿಗೂ ಚಾಸಿಗೂ ನಡುವೆ ಇದ್ದ ಸಂದಿಯನ್ನು ಸವರಿ ನೋಡಿದ. ಒಂದು ಹಿಡಿ ರವೆ ಉದುರಿತು. "ಇದು ಉದುರತ್ತೆ ಗುರು. ಅದೂ ಉದುರತ್ತಾ?"

"ಅಯ್ಯೋ, ಕಣ್ಣಾರೆ ನೋಡಿದ್ಮೇಲೂ ನಿಂದು ಅದೇ ರಾಗ! ಸುಮ್ನೆ ಮಾಡೋ ಮಾರಾಯ."

ಬೋಲ್ಟು ಬಿಗಿಯುವಾಗ ಇನ್ನೊಂದು ಸಲ ಕೇಳಿದ. ನಾನು ಕೈಬೀಸಿ ಬಾಯಿ ಮುಚ್ಚಿಸಿದೆ. ಹೊಟ್ಟೆಯಡಿಯ ಪ್ಲೇಟೂ ಬ್ಲೇಡೂ ಲಾರಿ ಹತ್ತಿದವು.

ಡಿಸೆಂಬರ್ ತಿಂಗಳೆಲ್ಲ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹಿಮ ಹಿಟ್ಟಿನಂತಿದ್ದಷ್ಟು ದಿನ ನನ್ನ ಪರೀಕ್ಷೆ ಗೆದ್ದಿತು. ಆಮೇಲೆ ಹಸಿ ಹಿಮ ಬಿತ್ತು. ಅದು ರವೆಯಲ್ಲ, ಉದುರುವುದಿಲ್ಲ. ತೋಳುಗಳ ಸಂದಿಯಲ್ಲಿ ಸೇರಿಕೊಂಡು ಕಲ್ಲಾಗುತ್ತದೆ. ಆಸ್ಪತ್ರೆಯ ಪಕ್ಕದ ಮನೆಯಲ್ಲಿ ಉಸಿರಾಟದ ತೊಂದರೆಯ ಒಬ್ಬ ಅಜ್ಜಿ ಇದ್ದರು. ಸುಜಾತಾಳಿಗೆ ದಿನಾ ರೊಟ್ಟಿ ಕಟ್ಟಿಕೊಡುತ್ತಿದ್ದವರು ಅವರೇ. ಒಂದು ದಿನ ಅವರನ್ನು ತುರ್ತಾಗಿ ರಸ್ತೆಗೆ ತಲುಪಿಸಬೇಕಿತ್ತು, ಅಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಅರ್ಧ ದಾರಿಯಲ್ಲಿ ಆ ಕಲ್ಲಾದ ಹಿಮಕ್ಕೆ ಹೊಟ್ಟೆ ತಾಗಿ ಗಾಡಿ ಮೇಲೆದ್ದು ಕೂತುಬಿಟ್ಟಿತು. ನಾಲ್ಕು ಚಕ್ರವೂ ಸುಮ್ಮನೆ ತಿರುಗುತ್ತಿದ್ದವಂತೆ. ಹೊತ್ತುಕೊಂಡು ಹೋಗುವಷ್ಟರಲ್ಲಿ ಅಜ್ಜಿ ಸುಜಾತಾಳ ತೋಳಿನಲ್ಲೇ ಹೋಗಿಬಿಟ್ಟರು.

ಅವಳು ಫೋನ್ ಮಾಡಿದಾಗ ನಾನು ವರ್ಕ್‌ಶಾಪಿನಲ್ಲೇ ಇದ್ದೆ, ಅದೇ ಸ್ಟೂಲಿನ ಮೇಲೆ. ಚಿಕ್ಕಣ್ಣನ ಕೈಯೆಲ್ಲ ಗ್ರೀಸು, ಹಾಗಾಗಿ ಸ್ಪೀಕರ್ ಹಾಕಿದ್ದ. ನಡೆದದ್ದನ್ನೆಲ್ಲ ಹೇಳಿ ಅವಳು, "ಮುಂದೆ ಕಟ್ಟಿದ್ರೆ ಹೀಗಾಗ್ತಿರ್ಲಿಲ್ಲ ಅಂತಾರೆ ಇಲ್ಲಿ. ನೀನು ಮಾಡಿದ್ದು ಅಂತ ನಂಬ್ಕೊಂಡಿದ್ದೆ ಅಪ್ಪಾ" ಎಂದು ಬಿಕ್ಕಿದಳು.

ಚಿಕ್ಕಣ್ಣ ನನ್ನ ಕಡೆ ಒಮ್ಮೆ ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ. ನೀನೇ ಹೇಳ್ತೀಯಾ ಎಂದು ಕೇಳುವಂತಿತ್ತು. ನಾನು ತಲೆ ತಗ್ಗಿಸಿ ಕಾಲಿನ ಚಪ್ಪಲಿ ನೋಡುತ್ತಾ ಕೂತೆ.

"ನಂದೇ ತಪ್ಪು ಕಂದಾ" ಎಂದ ಅವನು. "ನಂಗೆ ತೋಚಲಿಲ್ಲ."

ಅವಳು ಬೈಯಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಪ್ರತಿ ಭಾನುವಾರ ಬರುತ್ತಿದ್ದ ಫೋನು ತಿಂಗಳಿಗೊಂದಾಯಿತು, ಆಮೇಲೆ ಬುದ್ಧ ಪೂರ್ಣಿಮೆಗೊಂದು. ಚಿಕ್ಕಣ್ಣ ಹೊಸ ಕೆಲಸ ಹಿಡಿಯುವುದನ್ನೇ ಬಿಟ್ಟ. ಹಳೇ ಕುರ್ಚಿಯ ಕಾಲಿಗೆ ಬೆಸುಗೆ ಹಾಕಲೂ ಎರಡೆರಡು ಸಲ ಕೇಳುತ್ತಿದ್ದ, "ಇಲ್ಲೇ ಹಾಕ್ಲಾ ಗುರು? ಸರಿಯಾಗಿದ್ಯಾ?" ಎಂದು. ಎಂಥ ಕೈ ಅದು! ಆ ಕೈಯ ಧೈರ್ಯವನ್ನು ನಾನು ತಿಂದುಹಾಕಿದೆ. ಹೇಳಬೇಕು, ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದುಕೊಳ್ಳುತ್ತಲೇ ಎರಡು ವರ್ಷ ತಳ್ಳಿದೆ. ಹೋದ ಶ್ರಾವಣದಲ್ಲಿ ಅವನು ಮಧ್ಯಾಹ್ನ ಊಟಕ್ಕೆ ಕೂತವನು ಮತ್ತೆ ಏಳಲಿಲ್ಲ. ಸುಜಾತಾ ಬಂದಳು, ಮೂರು ದಿನ ಇದ್ದಳು, ಹೋದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಹೊರಗೆ ವೆಲ್ಡರ್ ಕಾಯುತ್ತಿದ್ದ. ನಾನು ಒಳಗೆ ಫೋನ್ ತೆಗೆದುಕೊಂಡು ಸುಜಾತಾಳಿಗೆ ಹಚ್ಚಿದೆ.

"ನಿಮ್ಮಪ್ಪ ಮುಂದೇನೇ ಕಟ್ಟೋಣ ಅಂದಿದ್ದ ಕಣಮ್ಮಾ. ಒಂದಲ್ಲ, ಮೂರು ಸಲ. ಹೊಟ್ಟೆ ಕೆಳಗೆ ಕಟ್ಟಿಸಿದ್ದು ನಾನು."

"ಅಂದ್ರೆ ಅಪ್ಪಂಗೆ ಗೊತ್ತಾಗಿತ್ತಾ ಅಂಕಲ್? ಹಿಮಾನೇ ನೋಡ್ದೆ?"

"ಗೊತ್ತಾಗಿತ್ತು."

"ಅಪ್ಪ ಇದ್ದಾಗ್ಲೇ ಹೇಳಿದ್ರೆ ನಾನು ಫೋನ್ ಮಾಡ್ತಿದ್ನಲ್ಲಾ ಅಂಕಲ್" ಎಂದಳು. ಅಷ್ಟೇ. ಫೋನ್ ಇಟ್ಟಳು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಸುಳ್ಳು. ಹೊರಗೆ ಬಂದೆ. "ಸಾರ್, ಮೇಲ್ಗಡೆನಾ, ಕೆಳಗಡೆನಾ?" ಎಂದು ವೆಲ್ಡರ್ ಮತ್ತೆ ಕೇಳಿದ.

"ನಿನ್ನ ಕೈಗೆ ಎಲ್ಲಿ ಸರಿ ಅನ್ನಿಸುತ್ತೋ ಅಲ್ಲಿ ಕೂರಿಸಪ್ಪಾ."

ಅವನು ಕೆಳಗಡೆ ಕೂರಿಸಿದ. ನನ್ನ ಮನಸ್ಸಿನಲ್ಲಿದ್ದದ್ದು ಮೇಲ್ಗಡೆ. ಅವನು ಹೋದ ಮೇಲೆ ಗೇಟು ಮುಚ್ಚಿ ನೋಡಿದೆ. ಚಿಲಕ ಒಂದೇ ಸಲಕ್ಕೆ ಕೂತಿತು. ಇನ್ನೂ ಬಿಸಿಯಾಗಿದ್ದ ಆ ಕಂಬಿಯನ್ನು ಹಿಡಿದುಕೊಂಡು ಅಲ್ಲೇ ನಿಂತು ಅತ್ತೆ.